‘ಸದ್ಯಕ್ಕೆ ನಮ್ಮ ಬಂಡವಾಳ ಗಟ್ಟಿಯಾಗಿದೆ’: ಐದು ದಿನದಲ್ಲಿ ಮುಳುಗಿದ ಬ್ಯಾಂಕಿನ ಮಾತು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

 

ಇವತ್ತು ಒಂದು ಫೋನ್ ಕರೆಯಿಂದ ಶುರು ಮಾಡೋಣ. 2008ರ ಸೆಪ್ಟೆಂಬರ್ 10, ಬುಧವಾರ. ಬೆಳಗ್ಗೆ, ನ್ಯೂಯಾರ್ಕ್. ಲೀಮನ್ ಬ್ರದರ್ಸ್ ಅನ್ನೋ ಇನ್ವೆಸ್ಟ್‌ಮೆಂಟ್ ಬ್ಯಾಂಕು ಹೂಡಿಕೆದಾರರ ಜೊತೆ ಕಾನ್ಫರೆನ್ಸ್ ಕಾಲ್ ಮಾಡ್ತಾ ಇದೆ. ಮೂರು ತಿಂಗಳಲ್ಲಿ ಸುಮಾರು 390 ಕೋಟಿ ಡಾಲರ್ ನಷ್ಟ ಆಗಿದೆ ಅಂತ ಆಗಷ್ಟೇ ಹೇಳಿದ್ದಾರೆ. ಹಿಂದಿನ ದಿನ ಒಂದೇ ದಿನದಲ್ಲಿ ಷೇರು ಬೆಲೆ 45 ಪರ್ಸೆಂಟ್ ಬಿದ್ದಿದೆ. ಕರೆಯಲ್ಲಿ ಒಬ್ಬ ವಿಶ್ಲೇಷಕ ಕೇಳ್ತಾರೆ: ಇನ್ನೂ 400 ಕೋಟಿ ಡಾಲರ್ ಬಂಡವಾಳ ಬೇಕಾಗಲ್ವಾ ನಿಮಗೆ? ಬ್ಯಾಂಕಿನ ಹಣಕಾಸು ಮುಖ್ಯಸ್ಥ ಇಯಾನ್ ಲೋವಿಟ್ ಉತ್ತರ ಕೊಡ್ತಾರೆ. ಬೇಕು ಅಂತ ನಮಗೆ ಅನ್ನಿಸ್ತಿಲ್ಲ, ಸದ್ಯಕ್ಕೆ ನಮ್ಮ ಬಂಡವಾಳದ ಸ್ಥಿತಿ ಗಟ್ಟಿಯಾಗಿದೆ.

ಬುಧವಾರದ ಮಾತು ಇದು. ಸೋಮವಾರ, ಸೆಪ್ಟೆಂಬರ್ 15ಕ್ಕೆ, ಲೀಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತ್ತು. 158 ವರ್ಷದ ಸಂಸ್ಥೆ. 63,900 ಕೋಟಿ ಡಾಲರ್ ಆಸ್ತಿ ತೋರಿಸಿ ದಿವಾಳಿ ಆಯ್ತು. ಅಮೆರಿಕದ ಇತಿಹಾಸದಲ್ಲೇ ಅದಕ್ಕಿಂತ ದೊಡ್ಡ ದಿವಾಳಿ ಇಲ್ಲ.

ಆ ‘ಸದ್ಯಕ್ಕೆ’ ಅನ್ನೋ ಪದ ಇದೆಯಲ್ಲ, ಅದು ನನ್ನ ತಲೆ ತಿಂತಾ ಇದೆ. ಆಸ್ಪತ್ರೇಲಿ ಡಾಕ್ಟ್ರು ಹೊರಗೆ ಬಂದು ‘ಸದ್ಯಕ್ಕೆ ಪರವಾಗಿಲ್ಲ’ ಅಂದ್ರೆ ನಾವು ಎದ್ದು ಮನೆಗೆ ಹೋಗ್ತೀವಾ? ಹೋಗಲ್ಲ. ಅದೇ ಬೆಂಚಿನ ಮೇಲೆ ಮತ್ತೆ ಕೂತ್ಕೋತೀವಿ. ಆದ್ರೆ ಕಂಪನಿ ದೊಡ್ಡವರು ಅದೇ ಪದ ಹೇಳಿದಾಗ ನಮಗೆ ‘ಗಟ್ಟಿ’ ಮಾತ್ರ ಕೇಳಿಸುತ್ತೆ. ‘ಸದ್ಯಕ್ಕೆ’ ಕೇಳಿಸಲ್ಲ.

ನಿಮ್ಮಲ್ಲಿ ತುಂಬಾ ಜನ ಮೊಬೈಲಲ್ಲೇ ಷೇರು ತಗೋತೀರಿ, ಕಂಪನಿಗಳ ಕಾನ್‌ಕಾಲ್ ಕೇಳ್ತೀರಿ, ‘ಮ್ಯಾನೇಜ್‌ಮೆಂಟ್ ಕಾನ್ಫಿಡೆಂಟ್ ಆಗಿದೆ’ ಅಂತ ಗ್ರೂಪಲ್ಲಿ ಫಾರ್ವರ್ಡ್ ಮಾಡ್ತೀರಿ. ಅದಕ್ಕೇ ಈ ಹಳೇ ಕಥೆ ಇವತ್ತು ತೆಗೆದಿರೋದು.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಲೀಮನ್ ತರದ್ದು ನಮ್ಮ ಬೀದಿ ಮೂಲೆಯ ಬ್ಯಾಂಕಲ್ಲ. ಅಲ್ಲಿ ಪಾಸ್‌ಬುಕ್ ಹಿಡ್ಕೊಂಡು ಯಾರೂ ಹೋಗಲ್ಲ. ಷೇರು, ಬಾಂಡು, ರಿಯಲ್ ಎಸ್ಟೇಟ್ ಸಾಲದ ಪತ್ರ, ಇವುಗಳನ್ನ ಕೊಂಡು ಮಾರೋದು, ಕಂಪನಿಗಳಿಗೆ ದುಡ್ಡು ಎತ್ತಿಕೊಡೋದು ಅದರ ಕೆಲಸ. ಇದಕ್ಕೆಲ್ಲ ದುಡ್ಡು ಎಲ್ಲಿಂದ? ಸಾಲ. ಅದರಲ್ಲಿ ದೊಡ್ಡ ಪಾಲು ಒಂದು ರಾತ್ರಿಯ ಸಾಲ. ಇವತ್ತು ಸಂಜೆ ತಗೊಂಡು, ನಾಳೆ ಬೆಳಗ್ಗೆ ವಾಪಸ್ ಕೊಟ್ಟು, ನಾಳೆ ಸಂಜೆ ಮತ್ತೆ ತಗೊಳೋದು. 2007ರ ಹೊತ್ತಿಗೆ ಲೀಮನ್ ಹತ್ತಿರ ಸುಮಾರು 30 ರೂಪಾಯಿ ಆಸ್ತಿ ಇದ್ರೆ ಅದರಲ್ಲಿ ಸ್ವಂತದ್ದು 1 ರೂಪಾಯಿ. ಮಿಕ್ಕ 29 ರೂಪಾಯಿ ಬೇರೆಯವರದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇವರು ಪಕ್ಕದ ಮನೆ ಹಾಸಿಗೆವರೆಗೂ ಚಾಚಿದ್ರು.

ಆ ಒಂದು ರೂಪಾಯಿ ಇದೆಯಲ್ಲ, ಅದನ್ನೇ ಬಂಡವಾಳ ಅನ್ನೋದು. ನಷ್ಟ ಬಂದಾಗ ಮೊದಲು ಕರಗೋದು ಅದು. 30 ರೂಪಾಯಿ ಆಸ್ತಿಯ ಬೆಲೆ ನೂರಕ್ಕೆ ಮೂರೂವರೆಯಷ್ಟು ಇಳಿದ್ರೆ ಸಾಕು, ಸ್ವಂತದ್ದು ಪೂರ್ತಿ ಹೋಯ್ತು.

ನಗದು ಬೇರೆ ವಿಷಯ. ಊರಲ್ಲಿ ಮೂರು ಎಕರೆ ಜಮೀನಿರೋ ರೈತನ ಹತ್ರ ಬಂಡವಾಳ ಇದೆ. ಆದ್ರೆ ರಾತ್ರಿ ಹತ್ತು ಗಂಟೆಗೆ ಆಸ್ಪತ್ರೆಗೆ ಐವತ್ತು ಸಾವಿರ ಕಟ್ಟಬೇಕು ಅಂದ್ರೆ ಆ ಮೂರು ಎಕರೆ ಕೌಂಟರಲ್ಲಿ ನಡೆಯಲ್ಲ. ‘ನಮ್ಮ ಮನೆಯವರು ಗಟ್ಟಿ ಕುಳ’ ಅನ್ನೋ ಮಾತು ಸುಳ್ಳಲ್ಲ, ಆದ್ರೆ ಆ ರಾತ್ರಿಗೆ ಉಪಯೋಗಕ್ಕೆ ಬರಲ್ಲ. ಇನ್ವೆಸ್ಟ್‌ಮೆಂಟ್ ಬ್ಯಾಂಕಿಗೆ ಪ್ರತಿ ರಾತ್ರಿಯೂ ಇಂಥ ರಾತ್ರಿಯೇ. ಇದನ್ನ ಮನಸ್ಸಲ್ಲಿ ಇಟ್ಕೊಳ್ಳಿ. ಯಾಕಂದ್ರೆ ಮುಂದೆ ಬರೋರಲ್ಲಿ ಕೆಲವರು, ನಗದಿನ ಬಗ್ಗೆ ಪ್ರಶ್ನೆ ಬಂದಾಗ ಬಂಡವಾಳದ ಬಗ್ಗೆ ಉತ್ತರ ಕೊಡ್ತಾರೆ.

ಲೀಮನ್‌ಗಿಂತ ಆರು ತಿಂಗಳು ಮುಂಚೆ ಹೋಗೋಣ. ಬೇರ್ ಸ್ಟರ್ನ್ಸ್ ಅಂತ ಇನ್ನೊಂದು ಬ್ಯಾಂಕು. 1923ರಲ್ಲಿ ಶುರುವಾಗಿದ್ದು. ಮನೆ ಸಾಲದ ಪತ್ರಗಳಲ್ಲಿ ಮೈತುಂಬ ಮುಳುಗಿತ್ತು. 2007ರ ಬೇಸಿಗೆಯಲ್ಲೇ ಅದರ ಎರಡು ಫಂಡ್‌ಗಳು ಕುಸಿದಿದ್ವು. 2008ರ ಮಾರ್ಚ್ 10, ಸೋಮವಾರ, ಇವರ ಹತ್ರ ದುಡ್ಡಿಲ್ಲವಂತೆ ಅನ್ನೋ ಗಾಳಿಸುದ್ದಿ ಜೋರಾಯ್ತು. ಅದರಲ್ಲಿ ಯಾವ ಸತ್ಯಾಂಶವೂ ಇಲ್ಲ ಅಂತ ಬ್ಯಾಂಕು ಅವತ್ತೇ ಹೇಳಿಕೆ ಕೊಡ್ತು. ಮಂಗಳವಾರ, ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕ ಸಂಸ್ಥೆ ಎಸ್‌ಇಸಿಯ ಅಧ್ಯಕ್ಷ ಕ್ರಿಸ್ಟಫರ್ ಕಾಕ್ಸ್ ಪತ್ರಕರ್ತರಿಗೆ ಹೇಳಿದ್ರು, ಈ ಸಂಸ್ಥೆಗಳ ಬಂಡವಾಳದ ಬಗ್ಗೆ ಸದ್ಯಕ್ಕೆ ನಮಗೆ ಸಾಕಷ್ಟು ಸಮಾಧಾನ ಇದೆ ಅಂತ. ಗಮನಿಸಿದ್ರಾ? ಇಲ್ಲೂ ‘ಸದ್ಯಕ್ಕೆ’. ಬುಧವಾರ, ಬೇರ್ ಸ್ಟರ್ನ್ಸ್ ಸಿಇಒ ಅಲನ್ ಶ್ವಾರ್ಟ್ಸ್ ಸಿಎನ್‌ಬಿಸಿ ಚಾನೆಲಲ್ಲಿ ಕಾಣಿಸಿಕೊಂಡ್ರು. ಎಲ್ಲಿಂದ ಅಂದ್ರೆ ಫ್ಲಾರಿಡಾದ ಪಾಮ್ ಬೀಚ್‌ನಿಂದ. ಅಲ್ಲೊಂದು ಸಮಾವೇಶಕ್ಕೆ ಹೋಗಿದ್ರು. ನಗದಿನ ಮೇಲೆ ನಮಗೆ ಯಾವ ಒತ್ತಡವೂ ಕಾಣ್ತಿಲ್ಲ, ಬಿಕ್ಕಟ್ಟಂತೂ ದೂರದ ಮಾತು ಅಂದ್ರು.

ಆ ವಾರದ ಶುರುವಲ್ಲಿ ಬೇರ್ ಸ್ಟರ್ನ್ಸ್ ಕೈಯಲ್ಲಿ ಸುಮಾರು 1,800 ಕೋಟಿ ಡಾಲರ್ ನಗದಿತ್ತು. ಗುರುವಾರ ರಾತ್ರಿ ಹೊತ್ತಿಗೆ ಉಳಿದಿದ್ದು ಸುಮಾರು 200 ಕೋಟಿ. ಶುಕ್ರವಾರ ಬೆಳಗ್ಗೆ ಸರ್ಕಾರದ ತುರ್ತು ಸಾಲ. ಭಾನುವಾರ ಸಂಜೆ ಜೆಪಿ ಮಾರ್ಗನ್ ಅದನ್ನ ಕೊಂಡುಕೊಳ್ಳೋದು ಅಂತ ತೀರ್ಮಾನ, ಷೇರಿಗೆ ಎರಡು ಡಾಲರ್ ಲೆಕ್ಕದಲ್ಲಿ. 2007ರ ಜನವರಿಯಲ್ಲಿ ಅದೇ ಷೇರಿಗೆ ಸುಮಾರು 170 ಡಾಲರ್ ಇತ್ತು. ಆಮೇಲೆ ಗಲಾಟೆ ಆಗಿ ಹತ್ತು ಡಾಲರಿಗೆ ಏರಿಸಿದ್ರು, ಆ ಮಾತು ಬಿಡಿ. ಅಲ್ಲಿನ ಸುಮಾರು 14 ಸಾವಿರ ಉದ್ಯೋಗಿಗಳಲ್ಲಿ ಎಷ್ಟೋ ಜನರ ನಿವೃತ್ತಿಯ ಉಳಿತಾಯ ಆ ಷೇರಲ್ಲೇ ಇತ್ತು.

ಬ್ಯಾಂಕು ಬಿದ್ದ ಮೇಲೆ ಕಾಕ್ಸ್ ಒಂದು ಪತ್ರ ಬರೆದ್ರು. ಬೇರ್ ಸ್ಟರ್ನ್ಸ್ ಬಂಡವಾಳ ಯಾವಾಗಲೂ ನಿಯಮಕ್ಕಿಂತ ಮೇಲೇ ಇತ್ತು, ಅದು ಬಿದ್ದದ್ದು ವಿಶ್ವಾಸದ ಕೊರತೆಯಿಂದ, ಬಂಡವಾಳದ ಕೊರತೆಯಿಂದಲ್ಲ ಅನ್ನೋದು ಅದರ ಸಾರ. ಇದನ್ನ ಓದಿ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಹಾಗಾದ್ರೆ ಆ ನಿಯಮ ಅಳೀತಾ ಇದ್ದದ್ದು ಏನನ್ನ ಸ್ವಾಮಿ?

ಶ್ವಾರ್ಟ್ಸ್ ಬೇಕಂತಲೇ ಸುಳ್ಳು ಹೇಳಿದ್ರಾ? ನನಗೆ ಹಾಗನ್ನಿಸಲ್ಲ. ಬುಧವಾರ ಬೆಳಗ್ಗೆ ಖಜಾನೆಯಲ್ಲಿ ದುಡ್ಡಿತ್ತು. ಆದ್ರೆ ಅವರ ಜಾಗದಲ್ಲಿ ನಿಂತು ನೋಡಿ. ‘ಹೌದು, ಸ್ವಲ್ಪ ಕಷ್ಟ ಇದೆ’ ಅಂತ ಟೀವಿಯಲ್ಲಿ ಹೇಳಿದ್ರೆ ಏನಾಗ್ತಿತ್ತು? ಸಂಜೆಯೊಳಗೆ ಸಾಲ ಕೊಡೋರೆಲ್ಲ ಓಡಿ ಹೋಗ್ತಿದ್ರು. ಅಂದ್ರೆ ಆರೋಗ್ಯವಾಗಿರೋ ಬ್ಯಾಂಕೂ ‘ನಾವು ಗಟ್ಟಿ’ ಅನ್ನುತ್ತೆ, ಸಾಯ್ತಾ ಇರೋ ಬ್ಯಾಂಕೂ ‘ನಾವು ಗಟ್ಟಿ’ ಅಂತಲೇ ಅನ್ನಬೇಕು. ಎರಡೂ ಬಾಯಿಂದ ಒಂದೇ ಮಾತು. ಹಾಗಿದ್ಮೇಲೆ ಆ ಮಾತು ಕೇಳಿ ನಮಗೆ ಹೊಸದಾಗಿ ಏನು ಗೊತ್ತಾಯ್ತು? ಏನೂ ಇಲ್ಲ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಇರೋ ವಿಷಯ ಇಷ್ಟೇ.

ಆದ್ರೆ ಲೀಮನ್ ಕಥೆ ಇಷ್ಟು ಸರಳ ಅಲ್ಲ. ಅಲ್ಲಿ ಮಾತಿನ ಹಿಂದೆ ಒಂದು ಯಂತ್ರ ಇತ್ತು.

ಬೇರ್ ಬಿದ್ದ ಎರಡೇ ದಿನಕ್ಕೆ, ಮಾರ್ಚ್ 18ಕ್ಕೆ, ಲೀಮನ್ ತನ್ನ ಮೊದಲ ತ್ರೈಮಾಸಿಕದ ಲೆಕ್ಕ ಕೊಡ್ತು. ಮುಂದಿನ ಸರದಿ ಇವರದೇ ಅಂತ ಎಲ್ಲರೂ ಕಾಯ್ತಾ ಇದ್ರು. ಆದ್ರೆ 48.9 ಕೋಟಿ ಡಾಲರ್ ಲಾಭ! ಆಗಿನ ಹಣಕಾಸು ಮುಖ್ಯಸ್ಥೆ ಎರಿನ್ ಕ್ಯಾಲನ್. ಆ ಕುರ್ಚಿಗೆ ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ಕರೆಯಲ್ಲಿ ಒಂದೊಂದಾಗಿ ಅಂಕಿ ಬಿಡಿಸಿ ಹೇಳಿದ್ರು, ಎಲ್ಲರೂ ಮೆಚ್ಚಿಕೊಂಡ್ರು. ಅವತ್ತು ಒಂದೇ ದಿನ ಷೇರು 46 ಪರ್ಸೆಂಟ್ ಏರಿತು.

ಎಲ್ಲರೂ ಮೆಚ್ಚಿಕೊಂಡ್ರು ಅಂದೆ, ಒಬ್ಬರನ್ನ ಬಿಟ್ಟು. ಡೇವಿಡ್ ಐನ್‌ಹಾರ್ನ್ ಅಂತ ಹೆಡ್ಜ್ ಫಂಡ್ ನಡೆಸೋ ವ್ಯಕ್ತಿ. ಲೀಮನ್ ಷೇರು ಬಿದ್ರೆ ಅವರಿಗೆ ಲಾಭ, ಹಾಗೆ ಪಣ ಕಟ್ಟಿದ್ರು. ಆದ್ದರಿಂದ ಅವರೇನೂ ಸಂತರಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಅವರು ಅಂಕಿಗಳನ್ನ ಕೂತು ಓದಿದ್ರು. ಕ್ಯಾಲನ್ ಆ ಕರೆಯಲ್ಲಿ ಬಳಸಿದ ಪದಗಳನ್ನೂ ಎಣಿಸಿದ್ರು! ‘ಸ್ಟ್ರಾಂಗ್’ 24 ಸಲ, ‘ಗ್ರೇಟ್’ 14 ಸಲ, ‘ಟಫ್’ ಒಂದೇ ಸಲ. ‘ಇನ್‌ಕ್ರೆಡಿಬ್ಲಿ’, ಅಂದ್ರೆ ನಂಬಲಾಗದಷ್ಟು ಅನ್ನೋದು ಎಂಟು ಸಲ. ಮೇ 21ಕ್ಕೆ ನ್ಯೂಯಾರ್ಕ್‌ನ ಒಂದು ವೇದಿಕೆ ಮೇಲೆ ಇದನ್ನೆಲ್ಲ ಹೇಳಿ, ನಾನಾದ್ರೆ ‘ನಂಬಲಾಗದ’ ಅನ್ನೋ ಪದವನ್ನ ಬೇರೆ ಅರ್ಥದಲ್ಲಿ ಬಳಸ್ತೀನಿ ಅಂದ್ರು.

ಬ್ಯಾಂಕಿನ ಸಿಇಒ ರಿಚರ್ಡ್ ಫುಲ್ಡ್ ಏಪ್ರಿಲ್‌ನಲ್ಲೇ ಷೇರುದಾರರ ಸಭೆಯಲ್ಲಿ ಅತ್ಯಂತ ಕೆಟ್ಟ ಕಾಲ ಮುಗೀತು ಅನ್ನೋ ಧಾಟಿಯಲ್ಲಿ ಮಾತಾಡಿದ್ರು. ಜೂನ್ 9ಕ್ಕೆ 280 ಕೋಟಿ ಡಾಲರ್ ನಷ್ಟ ಘೋಷಣೆ ಆಯ್ತು. 1994ರಲ್ಲಿ ಷೇರು ಮಾರುಕಟ್ಟೆಗೆ ಬಂದ ಮೇಲೆ ಅವರ ಮೊದಲ ತ್ರೈಮಾಸಿಕ ನಷ್ಟ. ಮೂರು ದಿನ ಬಿಟ್ಟು ಕ್ಯಾಲನ್ ಕುರ್ಚಿ ಬಿಟ್ರು. ಆ ಜಾಗಕ್ಕೆ ಬಂದವರೇ ಲೋವಿಟ್, ಸೆಪ್ಟೆಂಬರ್ ಕರೆಯವರು.

ಈಗ ಯಂತ್ರದ ಕಥೆ. ಇದು ಹೊರಗೆ ಬಂದಿದ್ದು 2010ರ ಮಾರ್ಚ್‌ನಲ್ಲಿ. ದಿವಾಳಿ ನ್ಯಾಯಾಲಯ ಆಂಟನ್ ವಲುಕಾಸ್ ಅನ್ನೋ ವಕೀಲರನ್ನ ತನಿಖೆಗೆ ನೇಮಿಸಿತ್ತು. ಅವರು ಕೊಟ್ಟದ್ದು ಸುಮಾರು 2,200 ಪುಟದ ವರದಿ. ಅದರಲ್ಲಿ ಒಂದು ಹೆಸರು ಪದೇ ಪದೇ ಬರುತ್ತೆ: ರೆಪೊ 105.

ರೆಪೊ ಅಂದ್ರೆ ನಮಗೆ ಹೊಸದೇನಲ್ಲ. ಒಡವೆ ಅಡ ಇಟ್ಟು ದುಡ್ಡು ತಗೊಂಡು, ಆಮೇಲೆ ಬಡ್ಡಿ ಕೊಟ್ಟು ಬಿಡಿಸಿಕೊಳ್ಳೋದು. ಒಡವೆ ನಮ್ಮದೇ, ಸಾಲವೂ ನಮ್ಮದೇ. ಮನೆ ಲೆಕ್ಕದಲ್ಲಿ ಎರಡೂ ಇರುತ್ತೆ. ಬ್ಯಾಂಕುಗಳು ಬಾಂಡ್ ಇಟ್ಟು ಇದನ್ನೇ ಮಾಡ್ತವೆ. ಆದ್ರೆ ಲೀಮನ್ ಒಂದು ಸಣ್ಣ ತಿರುವು ಕೊಡ್ತು. 100 ರೂಪಾಯಿ ಸಾಲಕ್ಕೆ 105 ರೂಪಾಯಿ ಬೆಲೆಯ ಬಾಂಡ್ ಕೊಟ್ಟು, ‘ಇದು ಅಡ ಇಟ್ಟದ್ದಲ್ಲ, ಮಾರಿದ್ದು’ ಅಂತ ಲೆಕ್ಕದಲ್ಲಿ ಬರ್ಕೊಂಡ್ತು. ಮಾರಿದ ಮೇಲೆ ಆಸ್ತಿ ನಮ್ಮದಲ್ಲ, ಸಾಲವೂ ಇಲ್ಲ! ಬಂದ ನಗದಿನಲ್ಲಿ ಬೇರೆ ಸಾಲ ತೀರಿಸಿದ್ರು. ತ್ರೈಮಾಸಿಕ ಮುಗಿಯೋ ದಿನ ಪುಸ್ತಕ ನೋಡಿದ್ರೆ ಬ್ಯಾಂಕು ಸಣ್ಣಗಾಗಿದೆ, ಸಾಲ ಕಡಿಮೆ ಆಗಿದೆ. ಕೆಲವು ದಿನ ಬಿಟ್ಟು ಮತ್ತೆ ಸಾಲ ಎತ್ತಿ, ಬಾಂಡ್ ವಾಪಸ್. ಎಲ್ಲ ಮೊದಲಿನ ಹಾಗೆ.

ಶಾಲೆಗೆ ಸಾಹೇಬ್ರು ತಪಾಸಣೆಗೆ ಬರೋ ದಿನ ನೆನಪಿದೆಯಾ? ಮುರಿದ ಬೆಂಚೆಲ್ಲ ಹಿಂದಿನ ಕೋಣೆಗೆ ಹೋಗ್ತಿತ್ತು. ಸಾಹೇಬ್ರು ಜೀಪ್ ಹತ್ತಿದ ಮೇಲೆ ವಾಪಸ್ ಬರ್ತಿತ್ತು. ಅದೇ ಇದು. ವ್ಯತ್ಯಾಸ ಏನಂದ್ರೆ ಇಲ್ಲಿ ಹಿಂದಿನ ಕೋಣೆಗೆ ಹೋದದ್ದು 2008ರ ಮೇ ಕೊನೆಗೆ 5,000 ಕೋಟಿ ಡಾಲರಿಗೂ ಹೆಚ್ಚು. ಒಂದೇ ತಿಂಗಳ ಹಿಂದೆ, ಏಪ್ರಿಲ್ ಕೊನೆಗೆ, ಸುಮಾರು 2,500 ಕೋಟಿ ಇತ್ತು. ತಪಾಸಣೆ ಹತ್ತಿರ ಬಂದ ಹಾಗೆ ದುಪ್ಪಟ್ಟು.

ಅದರಿಂದ ಸಿಕ್ಕಿದ್ದೇನು? ಬ್ಯಾಂಕು ತನ್ನದೇ ರೀತಿಯಲ್ಲಿ ಲೆಕ್ಕ ಹಾಕಿ, ಸ್ವಂತ ಬಂಡವಾಳದ 12.1 ಪಟ್ಟು ಮಾತ್ರ ನಮ್ಮ ಆಸ್ತಿ ಅಂತ ಹೇಳ್ಕೊಳ್ತು. ರೆಪೊ 105 ಇಲ್ಲದಿದ್ರೆ ಅದು 13.9 ಆಗ್ತಿತ್ತು ಅಂತ ವಲುಕಾಸ್ ಲೆಕ್ಕ. ಇಷ್ಟೇನಾ ಅನ್ನಿಸಬಹುದು. ಆದ್ರೆ ಬೇರ್ ಬಿದ್ದ ಮೇಲೆ ಇಡೀ ಮಾರುಕಟ್ಟೆ ನೋಡ್ತಾ ಇದ್ದದ್ದು ಆ ಒಂದೇ ಅಂಕಿಯನ್ನ. ನಾವು ಸಾಲ ಇಳಿಸ್ತಾ ಇದೀವಿ ಅಂತ ಪ್ರತಿ ಕರೆಯಲ್ಲೂ ಹೇಳ್ತಾ ಇದ್ದದ್ದು ಆ ಅಂಕಿ ತೋರಿಸಿಯೇ. ರೆಪೊ 105 ಅನ್ನೋ ಹೆಸರು ಹೂಡಿಕೆದಾರರಿಗೆ ಕೊಟ್ಟ ಯಾವ ಕಾಗದದಲ್ಲೂ ಇರಲಿಲ್ಲ.

ಒಂದು ತಮಾಷೆ ಕೇಳಿ. ಇದನ್ನ ‘ನಿಜವಾದ ಮಾರಾಟ’ ಅಂತ ಬರೆದುಕೊಡೋ ವಕೀಲರು ಅಮೆರಿಕದಲ್ಲಿ ಸಿಗಲಿಲ್ಲ. ಲಂಡನ್ನಿನ ಲಿಂಕ್‌ಲೇಟರ್ಸ್ ಸಂಸ್ಥೆಯಿಂದ, ಇಂಗ್ಲಿಷ್ ಕಾನೂನಿನ ಪ್ರಕಾರ ಅಭಿಪ್ರಾಯ ಬರೆಸಿಕೊಂಡ್ರು. ಹಾಗಾಗಿ ಬಾಂಡ್‌ಗಳು ಅಟ್ಲಾಂಟಿಕ್ ದಾಟಿ ಲಂಡನ್ ಕಚೇರಿ ಮೂಲಕ ಹೋಗಿ ಬರ್ತಾ ಇದ್ವು.

ಒಳಗಿದ್ದವರಿಗೆ ಗೊತ್ತಿರಲಿಲ್ವಾ? ಬಾರ್ಟ್ ಮೆಕ್‌ಡೇಡ್ ಅನ್ನೋ ದೊಡ್ಡ ಅಧಿಕಾರಿ, ಆಮೇಲೆ ಬ್ಯಾಂಕಿನ ಅಧ್ಯಕ್ಷರಾದವರು, ಏಪ್ರಿಲ್‌ನಲ್ಲೇ ಒಂದು ಇಮೇಲ್‌ನಲ್ಲಿ ಇದನ್ನ ‘ನಾವು ತಗೊಳ್ತಿರೋ ಇನ್ನೊಂದು ಡ್ರಗ್’ ಅಂತ ಕರೆದಿದ್ರು. ಮ್ಯಾಥ್ಯೂ ಲೀ ಅನ್ನೋ ಹಿರಿಯ ಉದ್ಯೋಗಿ ಮೇ 16ಕ್ಕೆ ಮೇಲಿನವರಿಗೆ ಪತ್ರ ಬರೆದು, ಲೆಕ್ಕಪುಸ್ತಕಗಳು ಸರಿಯಿಲ್ಲ ಅಂದ್ರು. ಕೆಲವೇ ದಿನಗಳಲ್ಲಿ ಅವರ ಕೆಲಸ ಹೋಯ್ತು. ಸಿಬ್ಬಂದಿ ಕಡಿತದ ಭಾಗ ಅಂತ ಬ್ಯಾಂಕು ಹೇಳ್ತು. ಜೂನ್‌ನಲ್ಲಿ ಅವರು ಆಡಿಟರ್‌ಗಳಾದ ಅರ್ನ್ಸ್ಟ್ ಅಂಡ್ ಯಂಗ್ ಜೊತೆ ಮಾತಾಡಿದಾಗ ರೆಪೊ 105 ವಿಷಯವನ್ನೂ ಹೇಳಿದ್ರು. ಮಾರನೇ ದಿನವೇ ಬ್ಯಾಂಕಿನ ಆಡಿಟ್ ಸಮಿತಿ ಜೊತೆ ಆಡಿಟರ್‌ಗಳ ಸಭೆ ಇತ್ತು. ಅಲ್ಲಿ ಆ ವಿಷಯ ಬಾಯಿಬಿಡಲಿಲ್ಲ ಅನ್ನುತ್ತೆ ವರದಿ. ತಮ್ಮ ಲೆಕ್ಕಪರಿಶೋಧನೆ ನಿಯಮದ ಪ್ರಕಾರವೇ ಇತ್ತು ಅನ್ನೋದು ಆಡಿಟರ್‌ಗಳ ವಾದ. ಫುಲ್ಡ್ ತಮಗೆ ರೆಪೊ 105 ಗೊತ್ತೇ ಇರಲಿಲ್ಲ ಅಂದ್ರು. ನಾನು ಅವರಿಗೆ ಹೇಳಿದ್ದೆ ಅಂತ ಮೆಕ್‌ಡೇಡ್ ತನಿಖೆಯಲ್ಲಿ ಹೇಳಿದ್ದಾರೆ. ಯಾರನ್ನ ನಂಬ್ತೀರೋ ನಿಮಗೆ ಬಿಟ್ಟದ್ದು.

ಸರಿ, ಮತ್ತೆ ಸೆಪ್ಟೆಂಬರ್ 10ರ ಕರೆಗೆ ಬರೋಣ. ಬಂಡವಾಳ ಗಟ್ಟಿ ಅಂದದ್ದರ ಜೊತೆಗೆ ಅವತ್ತು ಇನ್ನೊಂದು ಅಂಕಿಯನ್ನೂ ಕೊಟ್ಟಿದ್ರು. ಬೇಕಾದಾಗ ನಗದು ಮಾಡಿಕೊಳ್ಳಬಹುದಾದ ಮೀಸಲು ಸುಮಾರು 4,100 ಕೋಟಿ ಡಾಲರ್. ಕೇಳಿದವರಿಗೆ ಸಮಾಧಾನ ಆಗಲೇಬೇಕಾದ ಅಂಕಿ. ಎರಡು ದಿನ ಬಿಟ್ಟು, ಶುಕ್ರವಾರಕ್ಕೆ, ಅದರಲ್ಲಿ ಸುಲಭವಾಗಿ ನಗದಾಗೋದು ಎಷ್ಟಿತ್ತು ಗೊತ್ತಾ? 200 ಕೋಟಿಗಿಂತ ಕಡಿಮೆ. ಇದು ವಲುಕಾಸ್ ವರದಿಯ ಮಾತು.

ಎರಡು ದಿನದಲ್ಲಿ ಉಳಿದದ್ದೆಲ್ಲ ಎಲ್ಲಿಗೆ ಹೋಯ್ತು? ಒಂದಿಷ್ಟು ನಿಜವಾಗ್ಲೂ ಹೋಯ್ತು, ಸಾಲ ಕೊಟ್ಟವರು ಭದ್ರತೆ ಕೇಳಿದ್ರು. ಜೆಪಿ ಮಾರ್ಗನ್ ಒಂದೇ 500 ಕೋಟಿ ಡಾಲರ್ ಹೆಚ್ಚುವರಿ ಭದ್ರತೆ ಕೇಳ್ತು. ಆದ್ರೆ ಇನ್ನೊಂದಿಷ್ಟು ಮೊದಲಿಂದಲೇ ಕೈಯಲ್ಲಿರಲಿಲ್ಲ. ಉದಾಹರಣೆಗೆ, ಜೂನ್‌ನಲ್ಲಿ ಸಿಟಿ ಬ್ಯಾಂಕು ತನ್ನ ಧೈರ್ಯಕ್ಕೆ ಅಂತ 200 ಕೋಟಿ ಡಾಲರ್ ಠೇವಣಿ ಇರಿಸಿಕೊಂಡಿತ್ತು. ಅದನ್ನ ತೆಗೆದ್ರೆ ಸಿಟಿ ಜೊತೆ ವ್ಯವಹಾರಕ್ಕೇ ಕುತ್ತು. ಆದ್ರೂ ಲೀಮನ್ ಅದನ್ನ ತನ್ನ ನಗದು ಮೀಸಲಿನ ಲೆಕ್ಕಕ್ಕೇ ಸೇರಿಸ್ತಿತ್ತು. ಮನೆ ಬಾಡಿಗೆಗೆ ಕೊಟ್ಟ ಅಡ್ವಾನ್ಸನ್ನ ‘ಕೈಯಲ್ಲಿರೋ ದುಡ್ಡು’ ಅಂತ ಎಣಿಸಿದ ಹಾಗೆ. ದುಡ್ಡು ನಮ್ಮದೇ ಹೌದು. ಆದ್ರೆ ಮನೆ ಖಾಲಿ ಮಾಡದೆ ಬರುತ್ತಾ?

ಆ ವಾರಾಂತ್ಯ ಕೊಳ್ಳೋರನ್ನ ಹುಡುಕಿದ್ರು. ಬ್ಯಾಂಕ್ ಆಫ್ ಅಮೆರಿಕ ಮೆರಿಲ್ ಲಿಂಚ್ ಕಡೆ ಹೋಯ್ತು. ಬಾರ್ಕ್ಲೇಸ್‌ಗೆ ಬ್ರಿಟನ್ನಿನ ನಿಯಂತ್ರಕರು ಒಪ್ಪಲಿಲ್ಲ. ಸೋಮವಾರ ಬೆಳಗ್ಗೆ ಕಚೇರಿಯಿಂದ ರಟ್ಟಿನ ಡಬ್ಬ ಹಿಡಿದು ಹೊರಬರೋರ ಫೋಟೊ ಜಗತ್ತೆಲ್ಲ ನೋಡಿತು. ಸುಮಾರು 25 ಸಾವಿರ ಉದ್ಯೋಗಿಗಳು. ಸಂಬಳದ ಒಂದು ಭಾಗವನ್ನ ಷೇರಲ್ಲೇ ಪಡೆದವರು, ವರ್ಷಗಟ್ಟಲೆ ಮಾರೋ ಹಾಗಿಲ್ಲ ಅನ್ನೋ ಷರತ್ತಿನ ಮೇಲೆ. ಮುಂಬೈನ ಪೊವೈಯಲ್ಲೂ ಲೀಮನ್ನಿನ ದೊಡ್ಡ ಬ್ಯಾಕ್ ಆಫೀಸ್ ಇತ್ತು. ಅದನ್ನ ಆಮೇಲೆ ಜಪಾನಿನ ನೊಮುರ ತಗೊಳ್ತು. ಷೇರುದಾರರಿಗೆ ಉಳಿದದ್ದು ಸೊನ್ನೆ.

ಅಕ್ಟೋಬರ್ 6ಕ್ಕೆ ಫುಲ್ಡ್ ಅಮೆರಿಕ ಸಂಸತ್ತಿನ ಸಮಿತಿ ಮುಂದೆ ಕೂತ್ರು. ಸಮಿತಿ ಅಧ್ಯಕ್ಷ ಹೆನ್ರಿ ವ್ಯಾಕ್ಸ್‌ಮನ್ ಒಂದು ಕಾಗದ ತೆಗೆದ್ರು. ದಿವಾಳಿಗೆ ನಾಲ್ಕು ದಿನ ಮುಂಚೆ, ಅಂದ್ರೆ ಆ ಕರೆಯ ಮಾರನೇ ದಿನ, ಬಿಟ್ಟು ಹೋಗ್ತಿದ್ದ ಮೂವರು ಅಧಿಕಾರಿಗಳಿಗೆ 2 ಕೋಟಿ ಡಾಲರಿಗೂ ಹೆಚ್ಚು ವಿಶೇಷ ಹಣ ಕೊಡೋ ಶಿಫಾರಸು. ಎಲ್ಲ ನಿರ್ಧಾರಗಳ ಹೊಣೆ ನನ್ನದು, ಆದ್ರೆ ಆಗ ನಮಗಿದ್ದ ಮಾಹಿತಿ ಪ್ರಕಾರ ಅವು ಸರಿಯಾಗೇ ಇದ್ವು ಅನ್ನೋದು ಫುಲ್ಡ್ ಉತ್ತರದ ಸಾರ. ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಫುಲ್ಡ್ ಹತ್ತಿರ ಕೊನೆವರೆಗೂ ಲಕ್ಷಾಂತರ ಲೀಮನ್ ಷೇರುಗಳಿದ್ವು. ಅವೆಲ್ಲ ಬರೀ ಕಾಗದವಾದ್ವು. ಹಡಗಿಗೆ ತೂತಿದೆ ಅಂತ ಗೊತ್ತಿದ್ದೂ ಟಿಕೆಟ್ ಮಾರಿದವರು ಮೊದಲು ತಾವು ದೋಣಿ ಹತ್ತಬೇಕಿತ್ತು. ಇವರು ಪೂರ್ತಿ ಹತ್ತಲಿಲ್ಲ. ತನ್ನ ಮಾತನ್ನ ತಾನೇ ನಂಬಿದ್ದ ಮನುಷ್ಯ ಇರಬಹುದು. ಹಾಗಿದ್ರೆ ಅದು ಇನ್ನೂ ಭಯ ಹುಟ್ಟಿಸೋ ವಿಷಯ.

ಶಿಕ್ಷೆ? ಮೇಲಿನ ಅಧಿಕಾರಿಗಳಲ್ಲಿ ಒಬ್ಬರ ಮೇಲೂ ಕ್ರಿಮಿನಲ್ ಕೇಸ್ ಇಲ್ಲ. ಎಸ್‌ಇಸಿಯೂ ಅವರ ಮೇಲೆ ಕೇಸ್ ಹಾಕಲಿಲ್ಲ. ಫುಲ್ಡ್ ಮತ್ತು ಮೂವರು ಹಣಕಾಸು ಮುಖ್ಯಸ್ಥರ ಮೇಲೆ ದಾವೆ ಹೂಡೋಕೆ ಆಧಾರ ಇದೆ ಅಂತ ವಲುಕಾಸ್ ಬರೆದಿದ್ರು. ಹೂಡಿಕೆದಾರರ ಸಿವಿಲ್ ದಾವೆಯಲ್ಲಿ 2011ಕ್ಕೆ 9 ಕೋಟಿ ಡಾಲರಿಗೆ ರಾಜಿ ಆಯ್ತು. ಕೊಟ್ಟದ್ದು ವಿಮಾ ಕಂಪನಿಗಳು. ಆಡಿಟರ್ ಸಂಸ್ಥೆ 9.9 ಕೋಟಿ ಡಾಲರಿಗೆ ರಾಜಿ ಮಾಡ್ಕೊಳ್ತು. ನ್ಯೂಯಾರ್ಕ್ ರಾಜ್ಯ ಹಾಕಿದ್ದ ಕೇಸು 2015ರಲ್ಲಿ ಇನ್ನೊಂದು ಕೋಟಿ ಡಾಲರಿಗೆ ಮುಗೀತು. ಯಾಕೆ ಹೀಗೆ ಅಂದ್ರೆ, ‘ಗಟ್ಟಿ’ ಅನ್ನೋದು ಅಂಕಿ ಅಲ್ಲ, ವಿಶೇಷಣ. ಅದಕ್ಕೆ ತೂಕವಿಲ್ಲ, ಅಳತೆಯಿಲ್ಲ. ಅದು ಸುಳ್ಳು ಅಂತ ಸಾಬೀತು ಮಾಡಬೇಕಾದ್ರೆ ಹೇಳಿದವರ ತಲೆಯೊಳಗೆ ಆಗ ಏನಿತ್ತು ಅಂತ ತೋರಿಸಬೇಕು.

ಇನ್ನೊಂದು ಪ್ರಸಂಗ ಹೇಳದಿದ್ರೆ ಈ ಕಥೆ ಒಂದು ಕಡೆಗೇ ವಾಲುತ್ತೆ. ಲೀಮನ್ ಬಿದ್ದ ಎರಡು ವಾರಕ್ಕೆ ನಮ್ಮ ದೇಶದಲ್ಲಿ ಐಸಿಐಸಿಐ ಬ್ಯಾಂಕಿನ ಎಟಿಎಂಗಳ ಮುಂದೆ ಹಲವು ಊರುಗಳಲ್ಲಿ ಸಾಲು ನಿಂತ್ವು. ನಿಮ್ಮ ಅಪ್ಪ ಅಮ್ಮನ್ನ ಕೇಳಿ, ನೆನಪಿರಬಹುದು. ಆ ಬ್ಯಾಂಕಿನ ಬ್ರಿಟನ್ ಅಂಗಸಂಸ್ಥೆ ಹತ್ರ ಲೀಮನ್ ಬಾಂಡುಗಳಿದ್ವು, ಅಷ್ಟಕ್ಕೇ ಬ್ಯಾಂಕೇ ಹೋಯ್ತಂತೆ ಅನ್ನೋ ಸುದ್ದಿ ಹಬ್ಬಿತ್ತು. ಆಗ ಅದರ ಮುಖ್ಯಸ್ಥರು ನಮ್ಮ ಮಂಗಳೂರಿನ ಕೆ.ವಿ. ಕಾಮತ್. ಅವರ ಬ್ಯಾಂಕು ಏನು ಹೇಳ್ತು? ಹೆದರಬೇಡಿ, ನಮ್ಮ ಬಂಡವಾಳ ಗಟ್ಟಿಯಾಗಿದೆ.

ಅದೇ ಮಾತು! ಬೇರ್ ಸ್ಟರ್ನ್ಸ್ ಹೇಳಿದ್ದೂ ಅದೇ, ಲೀಮನ್ ಹೇಳಿದ್ದೂ ಅದೇ. ಆದ್ರೆ ಇಲ್ಲಿ ಅದು ನಿಜವಾಗಿತ್ತು, ಬ್ಯಾಂಕು ಉಳೀತು. ಮಾತಲ್ಲಿ ವ್ಯತ್ಯಾಸ ಇಲ್ಲ ಅಂದ್ಮೇಲೆ ಬೇರೆ ಎಲ್ಲಿತ್ತು? ಒಂದು, ಲೀಮನ್ ಬಾಂಡುಗಳಲ್ಲಿ ಇದ್ದದ್ದು ಎಷ್ಟು ಅಂತ ಅಂಕಿ ಕೊಟ್ಟಿದ್ರು, 5.7 ಕೋಟಿ ಯೂರೊ. ಅಷ್ಟು ದೊಡ್ಡ ಬ್ಯಾಂಕಿಗೆ ಅದು ಪೂರ್ತಿ ಹೋದ್ರೂ ಸಾಯೋ ಪೆಟ್ಟಲ್ಲ ಅಂತ ಯಾರು ಬೇಕಾದ್ರೂ ಲೆಕ್ಕ ಹಾಕಬಹುದಿತ್ತು. ಇನ್ನೊಂದು, ಸೆಪ್ಟೆಂಬರ್ 30ಕ್ಕೆ ರಿಸರ್ವ್ ಬ್ಯಾಂಕ್ ಹೇಳಿಕೆ ಕೊಟ್ಟಾಗ ಬಂಡವಾಳ ಚೆನ್ನಾಗಿದೆ ಅಂದು ಸುಮ್ಮನಾಗಲಿಲ್ಲ. ಶಾಖೆಗಳಲ್ಲಿ, ಎಟಿಎಂಗಳಲ್ಲಿ ಕೇಳಿದವರಿಗೆ ಕೊಡೋಕೆ ಬೇಕಾದಷ್ಟು ನಗದನ್ನ ಆ ಬ್ಯಾಂಕಿಗೆ ಒದಗಿಸೋ ವ್ಯವಸ್ಥೆ ಮಾಡಿದೀವಿ ಅಂತಲೂ ಹೇಳ್ತು. ಭರವಸೆ ಹಿಂದೆಯೇ ನೋಟಿನ ಕಟ್ಟು ಬಂತು. ಎಟಿಎಂ ಸಾಲಲ್ಲಿ ನಿಂತವನಿಗೆ ಕೈಗೆ ದುಡ್ಡು ಸಿಕ್ಕಿದ ಮೇಲೆ ವಿಶೇಷಣ ಯಾಕೆ ಬೇಕು?

ಇದೆಲ್ಲ ಓದಿದ ಮೇಲೆ ನಾನು ಕಾನ್‌ಕಾಲ್ ಕೇಳೋ ರೀತಿ ಬದಲಾಗಿದೆ. ಪ್ರಶ್ನೆ ಯಾವುದರ ಬಗ್ಗೆ, ಉತ್ತರ ಯಾವುದರ ಬಗ್ಗೆ ಅಂತ ಮೊದಲು ನೋಡ್ತೀನಿ. ನಗದು ಕೇಳಿದ್ರೆ ಬಂಡವಾಳ ಹೇಳ್ತಿದ್ದಾರಾ? ಮೂರು ತಿಂಗಳಿಗೊಮ್ಮೆ ಬರೋ ಅಂಕಿ ಆ ಕೊನೇ ದಿನದ್ದಾ, ಮೂರು ತಿಂಗಳ ಸರಾಸರಿಯಾ? ಯಾರಾದ್ರೂ ಸರಾಸರಿ ಕೇಳಿದಾಗ ತಡವರಿಸಿದ್ರಾ? ಗಾಳಿಸುದ್ದಿ ಹಬ್ಬಿಸಿದವರನ್ನ ಬೈಯೋದಕ್ಕೆ ಎಷ್ಟು ನಿಮಿಷ, ಅಂಕಿ ಹೇಳೋದಕ್ಕೆ ಎಷ್ಟು ನಿಮಿಷ? ಲೀಮನ್ ಆ ಬೇಸಿಗೆಯಲ್ಲಿ ಷೇರು ಬೀಳ್ಲಿ ಅಂತ ಪಣ ಕಟ್ಟಿದವರನ್ನ ಬೈದದ್ದು ಅಷ್ಟಿಷ್ಟಲ್ಲ. ಅವರಲ್ಲಿ ಸ್ವಾರ್ಥಿಗಳು ಇದ್ರು, ನಿಜ. ಆದ್ರೆ ಐನ್‌ಹಾರ್ನ್ ಕೇಳಿದ ಪ್ರಶ್ನೆಗಳಿಗೆ ಉತ್ತರ ಬೇಕಿತ್ತು, ಬೈಗುಳ ಅಲ್ಲ.

ನಿಮ್ಮ ಹತ್ರ ಷೇರು ಇರೋ ಯಾವುದಾದ್ರೂ ಕಂಪನಿ ಇದ್ರೆ, ಅದರ ಕೊನೇ ಕಾನ್‌ಕಾಲ್‌ನ ಬರಹ ರೂಪ ತೆಗೆದು ‘ಸ್ಟ್ರಾಂಗ್’ ಅನ್ನೋದು ಎಷ್ಟು ಸಲ ಬಂದಿದೆ ಅಂತ ಎಣಿಸಿ ನೋಡಿ. ಫೋನಲ್ಲೇ ಹುಡುಕಬಹುದು, ಎರಡು ನಿಮಿಷದ ಕೆಲಸ. ಹಾಗೇ ‘ಸದ್ಯಕ್ಕೆ’ ಅನ್ನೋ ಅರ್ಥದ ಪದ ಎಲ್ಲಾದ್ರೂ ಇದ್ರೆ ಅದರ ಹಿಂದೆ ಮುಂದೆ ಏನಿದೆ ಅಂತ ಓದಿ. ಸಿಕ್ಕಿದ್ದನ್ನ ನನಗೂ ಕಳಿಸಿ, ಮುಂದಿನ ವಾರ ಅವುಗಳನ್ನೇ ಇಟ್ಕೊಂಡು ಕೂರೋಣ.